ಕೂದಲೆಳೆಯ ಅಂತರದ ಜನಮತ: ಸ್ಕಾಟ್ಲೆಂಡ್‌ನಿಂದ ಬ್ರೆಕ್ಸಿಟ್‌ವರೆಗೆ

2016ರ ಜೂನ್ 23ರಂದು ಬ್ರಿಟನ್ನಿನ 1,74,10,742 ಮಂದಿ ಐರೋಪ್ಯ ಒಕ್ಕೂಟದಿಂದ ಹೊರಬರಬೇಕೆಂದು ಮತ ಹಾಕಿದರು. ಉಳಿಯಬೇಕೆಂದವರು 1,61,41,241. ಶೇಕಡಾ ಲೆಕ್ಕದಲ್ಲಿ 51.9ಕ್ಕೆ 48.1. ಇಷ್ಟು ಕಿರಿದಾದ ಅಂತರದ ತೀರ್ಪಿಗೆ ದೇಶ ಬದ್ಧವಾಗಬೇಕೇ ಎಂಬ ಜಗಳ ಅಲ್ಲಿ ಪಕ್ಷಗಳನ್ನಷ್ಟೇ ಅಲ್ಲ, ಮನೆಗಳನ್ನೂ ಒಡೆಯಿತು. ವಾದಿಸಿದವರೆಲ್ಲ ಬಹುಮಟ್ಟಿಗೆ ಅಂತರದ ಗಾತ್ರವನ್ನೇ ಹಿಡಿದು ಜಗ್ಗಾಡಿದರು. ಆದರೆ ಕಳೆದ ಕೆಲವು ದಶಕಗಳ ಇಂಥ ಜನಮತಗಣನೆಗಳನ್ನು ಒಟ್ಟಿಗಿಟ್ಟು ನೋಡಿದರೆ, ಬ್ರೆಕ್ಸಿಟ್‌ಗಿಂತ ಕಿರಿದಾದ ಅಂತರದ ತೀರ್ಪುಗಳೂ ಗಟ್ಟಿಯಾಗಿ ಬೇರೂರಿದ್ದು ಕಾಣುತ್ತದೆ. ಮತದಾನಕ್ಕೆ ಮೊದಲು ಏನನ್ನು ಬರೆದಿಡಲಾಗಿತ್ತು, ಯಾರ ಒಪ್ಪಿಗೆಯಿಂದ ಬರೆದಿಡಲಾಗಿತ್ತು ಎಂಬುದರ ಮೇಲೆ ತೀರ್ಪಿನ ಆಯುಷ್ಯ ನಿಂತಿದೆ ಎಂಬುದು ಈ ಲೇಖನದ ವಾದ.

ಮೊದಲು ಸ್ಕಾಟ್ಲೆಂಡ್. 1970ರ ದಶಕದಲ್ಲಿ ಲೇಬರ್ ಸರ್ಕಾರ ಅಲ್ಲಿಗೆ ಪ್ರತ್ಯೇಕ ಶಾಸನಸಭೆ ಕೊಡುವ ಮಸೂದೆ ತಂದಾಗ ಆ ಪಕ್ಷದೊಳಗೇ ವಿರೋಧವಿತ್ತು. ಲಂಡನ್ನಿನ ಇಸ್ಲಿಂಗ್ಟನ್ ಕ್ಷೇತ್ರದ ಲೇಬರ್ ಸದಸ್ಯ ಜಾರ್ಜ್ ಕನ್ನಿಂಗ್‌ಹ್ಯಾಮ್ 1978ರ ಜನವರಿಯಲ್ಲಿ ಒಂದು ತಿದ್ದುಪಡಿ ತಂದು ಗೆದ್ದರು: ಮತದಾರರ ಪಟ್ಟಿಯಲ್ಲಿರುವವರಲ್ಲಿ ಶೇ 40ರಷ್ಟು ಮಂದಿ 'ಹೌದು' ಎನ್ನದಿದ್ದರೆ, ಕಾಯ್ದೆಯನ್ನು ರದ್ದುಪಡಿಸುವ ಆದೇಶವನ್ನು ಸರ್ಕಾರ ಸಂಸತ್ತಿನ ಮುಂದಿಡಬೇಕು. ಇದರಿಂದ ಮತಗಟ್ಟೆಗೆ ಬಾರದೆ ಮನೆಯಲ್ಲಿ ಕುಳಿತವರೂ 'ಬೇಡ' ಎಂದವರ ಸಾಲಿಗೆ ಸೇರಿದಂತಾಯಿತು. 1979ರ ಮಾರ್ಚ್ 1ರಂದು 12,30,937 ಮಂದಿ ಹೌದೆಂದರು, 11,53,502 ಮಂದಿ ಬೇಡವೆಂದರು. ಹೌದೆಂದವರು ಗೆದ್ದರು, ಆದರೆ ಒಟ್ಟು ಮತದಾರರಲ್ಲಿ ಅವರ ಪಾಲು ಶೇ 33ರ ಆಸುಪಾಸಿನಲ್ಲಿ ನಿಂತಿತು. ಶಾಸನಸಭೆ ಬರಲಿಲ್ಲ. ಸಿಟ್ಟಿಗೆದ್ದ ಸ್ಕಾಟಿಷ್ ನ್ಯಾಷನಲ್ ಪಾರ್ಟಿ ಅವಿಶ್ವಾಸ ಮಂಡಿಸಲು ಮುಂದಾಯಿತು. ವಿರೋಧ ಪಕ್ಷದ ನಾಯಕಿ ಥ್ಯಾಚರ್ ಮಂಡಿಸಿದ ನಿರ್ಣಯ ಮಾರ್ಚ್ 28ರಂದು 311–310ರಿಂದ ಗೆದ್ದು, ಪ್ರಧಾನಿ ಕ್ಯಾಲಹನ್ ಅವರ ಲೇಬರ್ ಸರ್ಕಾರ ಒಂದೇ ಮತದಿಂದ ಉರುಳಿತು.

ನಿಯಮ ಮೊದಲೇ ಬರೆದಿತ್ತಲ್ಲ, ಮತ್ತೇಕೆ ತಕರಾರು ಎಂದು ಕೇಳಬಹುದು. ನಾಲ್ಕೇ ವರ್ಷ ಹಿಂದೆ, 1975ರಲ್ಲಿ, ಐರೋಪ್ಯ ಸಮುದಾಯದಲ್ಲಿ ಉಳಿಯುವ ಪ್ರಶ್ನೆಯನ್ನು ಇಡೀ ಬ್ರಿಟನ್ನಿಗೆ ಕೇಳಿದಾಗ ಇಂಥ ಯಾವ ತಡೆಗೋಡೆಯೂ ಇರಲಿಲ್ಲ. ಇಲ್ಲಿ ಗೋಡೆ ಕಟ್ಟಿದವರು ಯೋಜನೆಯ ವಿರೋಧಿಗಳು. ಯಾರ ಮೇಲೆ ಕಟ್ಟಿದರೋ ಅವರ ಒಪ್ಪಿಗೆಯನ್ನು ಯಾರೂ ಕೇಳಲಿಲ್ಲ. 'ಗೆದ್ದೂ ಸೋಲಿಸಿದರು' ಎಂಬ ನೋವು ಹದಿನೆಂಟು ವರ್ಷ ಆರದೆ ಉಳಿಯಿತು. 1997ರ ಸೆಪ್ಟೆಂಬರ್ 11ರಂದು ಅದೇ ಪ್ರಶ್ನೆಗೆ ಶೇ 74.3 ಮಂದಿ ಹೌದೆಂದರು.

ಇದರ ಪಕ್ಕದಲ್ಲಿ ಮಾಂಟೆನೆಗ್ರೊವನ್ನು ಇಟ್ಟು ನೋಡಬೇಕು. ಸೆರ್ಬಿಯಾದಿಂದ ಬೇರೆಯಾಗುವ ಪ್ರಶ್ನೆ 2006ರಲ್ಲಿ ಎದ್ದಾಗ ಐರೋಪ್ಯ ಒಕ್ಕೂಟದ ರಾಜತಂತ್ರಜ್ಞ ಮಿರೊಸ್ಲಾವ್ ಲಾಯ್ಚಾಕ್ ಎರಡೂ ಬಣಗಳನ್ನು ಕೂರಿಸಿ ಮಾತನಾಡಿಸಿದರು. ಚಲಾವಣೆಯಾದ ಮತಗಳಲ್ಲಿ ಶೇ 55 ಬಂದರೆ ಮಾತ್ರ ಸ್ವಾತಂತ್ರ್ಯ ಎಂಬ ನಿಯಮಕ್ಕೆ ಸ್ವಾತಂತ್ರ್ಯವಾದಿಗಳು ಮುನಿಸಿನಿಂದಲೇ ಒಪ್ಪಿದರು. ಸೆರ್ಬಿಯಾದೊಡನೆಯೇ ಉಳಿಯಬೇಕೆಂದವರೂ ಒಪ್ಪಿದರು. ಮೇ 21ರಂದು ಬಂದದ್ದು ಶೇ 55.5. ಗುರಿ ದಾಟಿಸಿದ್ದು ಸುಮಾರು ಎರಡು ಸಾವಿರ ಮತ. ದೂರುಗಳು ಬಂದವು, ನಿಜ. ಆದರೂ ಜೂನ್ 3ರಂದು ಸ್ವಾತಂತ್ರ್ಯ ಘೋಷಣೆಯಾಯಿತು, ಅದೇ ತಿಂಗಳು ಸೆರ್ಬಿಯಾವೇ ಅದನ್ನು ಮಾನ್ಯ ಮಾಡಿತು. ಯುದ್ಧಗಳಿಂದ ಬೆಂದಿದ್ದ ಆ ನೆಲದಲ್ಲಿ ಇದು ಸಣ್ಣ ಸಾಧನೆಯಲ್ಲ.

ಈ ಅಧ್ಯಯನದಲ್ಲಿ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು ಐರ್ಲೆಂಡ್. ಅಲ್ಲಿನ 1937ರ ಸಂವಿಧಾನ ವಿವಾಹ ವಿಚ್ಛೇದನವನ್ನು ನಿಷೇಧಿಸಿತ್ತು. 1986ರಲ್ಲಿ ನಿಷೇಧ ತೆಗೆಯಲು ಹೋದ ಗ್ಯಾರೆಟ್ ಫಿಟ್ಸ್‌ಜೆರಾಲ್ಡ್ ಸರ್ಕಾರಕ್ಕೆ ಜನ ಶೇ 63.5ರಷ್ಟು ಮತಗಳಿಂದ ಇಲ್ಲವೆಂದರು. ಆ ಸೋಲಿಗೆ ಧರ್ಮವೊಂದೇ ಕಾರಣವಾಗಿರಲಿಲ್ಲ. ಗಂಡ ಬಿಟ್ಟು ಹೋದರೆ ಜಮೀನು, ಮನೆ, ಪಿಂಚಣಿ ಯಾರ ಪಾಲಿಗೆ ಎಂಬ ಹೆಂಗಸರ ಪ್ರಶ್ನೆಗೆ ಆಗ ಸರಿಯಾದ ಉತ್ತರವಿರಲಿಲ್ಲ. ಮುಂದಿನ ಒಂಬತ್ತು ವರ್ಷಗಳಲ್ಲಿ ಕಾನೂನುಬದ್ಧ ಪ್ರತ್ಯೇಕ ವಾಸ, ಆಸ್ತಿ ಹಂಚಿಕೆ, ಜೀವನಾಂಶಗಳ ಕುರಿತ ಕಾಯ್ದೆಗಳನ್ನು ಒಂದೊಂದಾಗಿ ಮಾಡಲಾಯಿತು. 1995ರಲ್ಲಿ ಜಾನ್ ಬ್ರೂಟನ್ ಸರ್ಕಾರ ಮತ್ತೆ ಜನರ ಮುಂದೆ ಹೋದಾಗ ಷರತ್ತುಗಳು ಸಂವಿಧಾನ ತಿದ್ದುಪಡಿಯ ಪಠ್ಯದಲ್ಲೇ ಇದ್ದವು: ಹಿಂದಿನ ಐದು ವರ್ಷಗಳಲ್ಲಿ ಕನಿಷ್ಠ ನಾಲ್ಕು ವರ್ಷ ದಂಪತಿ ಬೇರೆ ವಾಸವಿರಬೇಕು, ಮತ್ತೆ ಒಂದಾಗುವ ಸಾಧ್ಯತೆ ಇರಬಾರದು, ಸಂಗಾತಿಗೂ ಮಕ್ಕಳಿಗೂ ತಕ್ಕ ಏರ್ಪಾಡಾಗಿರಬೇಕು. ಹೌದೆಂದರೆ ಮರುದಿನ ಏನು ಬದಲಾಗುತ್ತದೆಂದು ಮತದಾರರು ಓದಿ ತಿಳಿಯಬಹುದಿತ್ತು.

ನವೆಂಬರ್ 24ರಂದು ಮತದಾನ. ಪಶ್ಚಿಮ ಭಾಗದಲ್ಲಿ ಆ ದಿನ ಜೋರು ಮಳೆ. ಅಲ್ಲಿನ ಹಳ್ಳಿಗಳು ಹೆಚ್ಚಾಗಿ ವಿಚ್ಛೇದನದ ವಿರುದ್ಧವಿದ್ದುದರಿಂದ ಮಳೆಯೇ ಫಲಿತಾಂಶ ಬದಲಿಸಿತೆಂದು ಹೇಳುವವರುಂಟು. ಪರ 8,18,842, ವಿರುದ್ಧ 8,09,728. ಹದಿನಾರು ಲಕ್ಷಕ್ಕೂ ಮೀರಿದ ಮತಗಳಲ್ಲಿ ಅಂತರ 9,114. ಅದರ ಮೇಲೆ ಇನ್ನೊಂದು ತೊಡಕು. ಮತದಾನಕ್ಕೆ ಒಂದೇ ವಾರವಿದ್ದಾಗ, ಸರ್ಕಾರ ಬೊಕ್ಕಸದ ಹಣದಲ್ಲಿ 'ಹೌದು' ಪರ ಪ್ರಚಾರ ಮಾಡಿದ್ದು ಸಂವಿಧಾನಬಾಹಿರವೆಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತ್ತು. ವಿಚ್ಛೇದನ ವಿರೋಧಿ ಚಳವಳಿಯ ಮುಂದಾಳು ಡೆಸ್ ಹ್ಯಾನಫಿನ್ ಇದನ್ನೇ ಹಿಡಿದು, ಫಲಿತಾಂಶ ಅನೂರ್ಜಿತಗೊಳಿಸಬೇಕೆಂದು ಕೋರ್ಟಿಗೆ ಹೋದರು. ಅವರ ದೂರು ಹುರುಳಿಲ್ಲದ್ದಾಗಿರಲಿಲ್ಲ. ಸರ್ಕಾರ ತಪ್ಪು ಮಾಡಿದ್ದು ಖಚಿತವಾಗಿತ್ತು, ಅಂತರವೋ ಒಂದು ಸಣ್ಣ ಪಟ್ಟಣದ ಜನಸಂಖ್ಯೆಯಷ್ಟು. ಆದರೆ ಆ ಪ್ರಚಾರದಿಂದಲೇ ಫಲಿತಾಂಶ ಗಣನೀಯವಾಗಿ ಬದಲಾಯಿತೆಂದು ತೋರಿಸುವ ಹೊಣೆ ಅರ್ಜಿದಾರರದ್ದು, ಅದನ್ನು ಅವರು ತೋರಿಸಿಲ್ಲ ಎಂದು 1996ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಅರ್ಜಿಯನ್ನು ತಳ್ಳಿಹಾಕಿತು. ತಿದ್ದುಪಡಿ ಅದೇ ತಿಂಗಳು ಸಂವಿಧಾನ ಸೇರಿತು.

ಇದರ ಮೇಲೆ ಐರ್ಲೆಂಡ್ ಮತ್ತೆ ಒಡೆಯಲಿಲ್ಲ. ಸೋತವರಿಗೆ ದೂರು ಹೇಳಲು ಗೊತ್ತಾದ ಬಾಗಿಲೊಂದಿತ್ತು, ಅದನ್ನು ತಟ್ಟಿದರು, ಉತ್ತರ ಸಿಕ್ಕಿತು. ಗೆದ್ದವರೂ ಬರೆದಿದ್ದಕ್ಕಿಂತ ಒಂದಂಗುಲ ಆಚೆ ಹೋಗಲಿಲ್ಲ: ನಾಲ್ಕು ವರ್ಷದ ಕಾಯುವಿಕೆ ತೆಗೆಯಲು 2019ರ ಮೇ ತಿಂಗಳಲ್ಲಿ ಮತ್ತೆ ಜನರನ್ನೇ ಕೇಳಿದರು. ಆಗ ಹೌದೆಂದವರು ಶೇ 82.

ಇಂಥ ಬಾಗಿಲು ಎಲ್ಲ ಸಲವೂ ತಟ್ಟಿದವರನ್ನು ಬರಿಗೈಯಲ್ಲಿ ಕಳಿಸುವುದಿಲ್ಲ. ದಂಪತಿಗಳ ತೆರಿಗೆ ಕುರಿತ ಸ್ವಿಟ್ಜರ್ಲೆಂಡಿನ 2016ರ ಜನಮತಗಣನೆಯಲ್ಲಿ ಪ್ರಸ್ತಾವ ಶೇ 50.8 ಮತಗಳಿಂದ ಬಿದ್ದುಹೋಗಿತ್ತು. ತೆರಿಗೆಯ ಹೊರೆ ಹೊತ್ತ ದುಡಿಯುವ ದಂಪತಿಗಳು 80,000 ಎಂದು ಸರ್ಕಾರ ಮತದಾರರಿಗೆ ತಿಳಿಸಿತ್ತು. ನಿಜವಾದ ಸಂಖ್ಯೆ ನಾಲ್ಕೂವರೆ ಲಕ್ಷದಷ್ಟೆಂದು ಆಮೇಲೆ ಹೊರಬಿತ್ತು. 2019ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಆ ಫಲಿತಾಂಶವನ್ನೇ ರದ್ದು ಮಾಡಿತು.

ನಮ್ಮ ಸಂವಿಧಾನದಲ್ಲಿ ರಾಷ್ಟ್ರೀಯ ಜನಮತಗಣನೆಗೆ ಜಾಗವಿಲ್ಲ. ಆದರೂ ಕರ್ನಾಟಕದ ನೆರೆಯ ಗೋವಾ 1967ರ ಜನವರಿ 16ರಂದು ಮಹಾರಾಷ್ಟ್ರದೊಡನೆ ವಿಲೀನವಾಗಬೇಕೇ, ಕೇಂದ್ರಾಡಳಿತ ಪ್ರದೇಶವಾಗಿ ಉಳಿಯಬೇಕೇ ಎಂದು ಮತ ಹಾಕಿತು. ವಿಲೀನ 34,021 ಮತಗಳಿಂದ ಸೋತಿತು. ಕೆಲವೇ ವಾರಗಳಲ್ಲಿ ನಡೆದ ವಿಧಾನಸಭಾ ಚುನಾವಣೆಯಲ್ಲಿ ವಿಲೀನವಾದಿ ದಯಾನಂದ ಬಾಂದೋಡ್ಕರ್ ಅವರ ಪಕ್ಷವೇ ಗೆದ್ದು ಅಧಿಕಾರಕ್ಕೆ ಮರಳಿತು. ಆದರೂ ಗೋವಾ ಗೋವಾ ಆಗಿಯೇ ಉಳಿಯಿತು. ಕೇಳಿದ ಪ್ರಶ್ನೆ ಒಂದು, ಅದರ ಎರಡೂ ಉತ್ತರಗಳ ಪರಿಣಾಮ ಎಲ್ಲರಿಗೂ ಗೊತ್ತಿತ್ತು.

ಈ ಬೆಳಕಿನಲ್ಲಿ ಬ್ರೆಕ್ಸಿಟ್ ನೋಡೋಣ. 2011ರಲ್ಲಿ ಮತದಾನ ಪದ್ಧತಿ ಬದಲಿಸುವ ಕುರಿತು ಬ್ರಿಟನ್ ಜನಮತಗಣನೆ ನಡೆಸಿದಾಗ, ಜನ ಹೌದೆಂದರೆ ಸಚಿವರು ಬದಲಾವಣೆಯನ್ನು ಜಾರಿಗೊಳಿಸಲೇಬೇಕೆಂದು ಕಾಯ್ದೆಯೇ ಹೇಳಿತ್ತು. 2015ರ ಐರೋಪ್ಯ ಒಕ್ಕೂಟ ಜನಮತಗಣನೆ ಕಾಯ್ದೆಯಲ್ಲಿ ಅಂಥ ಒಂದು ಸಾಲೂ ಇರಲಿಲ್ಲ. ಕನಿಷ್ಠ ಮಿತಿಯೂ ಇಲ್ಲ. ಹೊರಬರಲು ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡ್ ನಾಲ್ಕೂ ಒಪ್ಪಬೇಕೆಂಬ ಸ್ಕಾಟಿಷ್ ಸದಸ್ಯರ ತಿದ್ದುಪಡಿಯೂ ಬಿದ್ದುಹೋಯಿತು. ಕಾನೂನಿನ ಕಣ್ಣಿನಲ್ಲಿ ಇದು ಸಲಹೆ ಮಾತ್ರ. ಅದೇ ಸರ್ಕಾರ 2016ರ ವಸಂತದಲ್ಲಿ ಮನೆಮನೆಗೂ ಕರಪತ್ರ ಹಂಚಿ, ನೀವು ನಿರ್ಧರಿಸಿದ್ದನ್ನು ಜಾರಿಗೆ ತರುತ್ತೇವೆಂದು ಮಾತು ಕೊಟ್ಟಿತು. ಸಂಸತ್ತಿನಲ್ಲಿ ಒಂದು ನುಡಿ, ಮನೆ ಬಾಗಿಲಲ್ಲಿ ಇನ್ನೊಂದು. ಆ ಮಾತು ನಂಬಿ ಮತ ಹಾಕಿದವರಿಗೆ, ಅದು ಸಲಹೆಯಷ್ಟೇ ಎಂದು ಆಮೇಲೆ ಹೇಳುವುದು ವಂಚನೆಯಾಗುತ್ತಿತ್ತು ಎಂದೇ ನನ್ನ ಅಭಿಪ್ರಾಯ. ಹೊರಬರುವ ತೀರ್ಪನ್ನು ಗೌರವಿಸಲೇಬೇಕಿತ್ತು.

ಆದರೆ ಗೌರವಿಸಬೇಕಾದದ್ದು ಯಾವುದನ್ನು? ಮತಪತ್ರದಲ್ಲಿದ್ದದ್ದು ಒಕ್ಕೂಟದಲ್ಲಿ ಉಳಿಯಬೇಕೇ, ಬಿಡಬೇಕೇ ಎಂಬುದಷ್ಟೇ. ನಾರ್ವೆಯಂತೆ ಒಕ್ಕೂಟದ ಹೊರಗಿದ್ದೂ ಏಕ ಮಾರುಕಟ್ಟೆಯ ಒಳಗಿರುವುದೇ, ಸುಂಕ ಒಕ್ಕೂಟವನ್ನು ಉಳಿಸಿಕೊಳ್ಳುವುದೇ, ಎಲ್ಲವನ್ನೂ ಕಡಿದುಕೊಳ್ಳುವುದೇ ಎಂದು ಯಾರೂ ಕೇಳಿರಲಿಲ್ಲ. ಪ್ರಧಾನಿ ಥೆರೆಸಾ ಮೇ 2017ರ ಜನವರಿಯಲ್ಲಿ ಏಕ ಮಾರುಕಟ್ಟೆಯನ್ನೂ ಬಿಡುವುದಾಗಿ ಘೋಷಿಸಿದಾಗ, ಶೇ 52ರ ತೀರ್ಪಿಗೆ ಅದರಲ್ಲಿ ಇರದ ಭಾರವನ್ನು ಹೊರಿಸಿದರು. ಉಳಿದ 48ರೊಡನೆ ಕೂತು ಮಾತಾಡಬೇಕಾದ ಭಾಗ ಅದೇ ಆಗಿತ್ತು. ಮೇ ತಂದ ಒಪ್ಪಂದ 2019ರ ಜನವರಿ 15ರಂದು 432–202ರಿಂದ ಬಿದ್ದುಹೋಯಿತು. ಏಪ್ರಿಲ್ 1ರ ರಾತ್ರಿ ಕೆನೆತ್ ಕ್ಲಾರ್ಕ್ ಮಂಡಿಸಿದ ಸುಂಕ ಒಕ್ಕೂಟದ ಪ್ರಸ್ತಾವ 273–276ರಿಂದ, ಮೂರೇ ಮತಗಳಿಂದ ಸೋತಿತು. ರಾಜಿಯ ದಾರಿ ಅಷ್ಟು ಹತ್ತಿರದಲ್ಲಿತ್ತು. ಮರುಜನಮತ ಬೇಕೆಂದ ಗುಂಪು ಅದಕ್ಕೆ ಇನ್ನಷ್ಟು ಮನಸ್ಸು ಮಾಡಿದ್ದರೆ ಅದು ದಾಟಿಬಿಡುತ್ತಿತ್ತು. ಈ ವೈಫಲ್ಯದಲ್ಲಿ ಎರಡೂ ಕಡೆಯವರ ಪಾಲಿದೆ. 2020ರ ಜನವರಿ 31ರಂದು ಬ್ರಿಟನ್ ಹೊರಬಂತು.

ಕಿರಿದಾದ ಅಂತರದ ತೀರ್ಪಿನ ಪ್ರಶ್ನೆ ಅಲ್ಲಿಗೆ ಮುಗಿದಿಲ್ಲ. 1998ರ ಗುಡ್ ಫ್ರೈಡೇ ಒಪ್ಪಂದದ ಪ್ರಕಾರ, ಬಹುಮತ ಸಿಗುವಂತೆ ತೋರಿದರೆ ಉತ್ತರ ಐರ್ಲೆಂಡಿನಲ್ಲಿ ಐರಿಷ್ ಏಕೀಕರಣದ ಬಗ್ಗೆ ಮತದಾನ ನಡೆಸಬೇಕು. ಗೆಲುವಿಗೆ ಸರಳ ಬಹುಮತ ಸಾಕು. ಆ ಒಪ್ಪಂದಕ್ಕೆ ಅಲ್ಲಿನ ಶೇ 71 ಮಂದಿ ಹೌದೆಂದಿದ್ದಾರೆ. ಆದ್ದರಿಂದ ಅರ್ಧಕ್ಕಿಂತ ಒಂದು ಮತ ಹೆಚ್ಚು ಬಂದರೂ ತೀರ್ಪು ತೀರ್ಪೇ, ಈಗ ಯಾರೂ ಗೋಡೆ ಎತ್ತರಿಸುವಂತಿಲ್ಲ. ಬರೆದಿಡದೆ ಉಳಿದಿರುವುದು ಇನ್ನೊಂದಿದೆ: ಒಂದಾದ ಐರ್ಲೆಂಡಿನಲ್ಲಿ ಆಸ್ಪತ್ರೆ, ಪಿಂಚಣಿ, ಪೊಲೀಸು, ಧ್ವಜ ಹೇಗಿರುತ್ತವೆ, ಬ್ರಿಟಿಷರೆಂದುಕೊಳ್ಳುವವರ ಸ್ಥಾನವೇನು? 1986ರಿಂದ 1995ರವರೆಗೆ ಡಬ್ಲಿನ್ ಮಾಡಿದ ಆ ನಿಧಾನದ ಕೆಲಸವನ್ನು ಈ ಸಲ ದಿನಾಂಕ ಗೊತ್ತುಮಾಡುವ ಮೊದಲೇ ಮಾಡಿ ಮುಗಿಸಬೇಕು.