ಸುಮ್ಮನೆ ಕೂತ ಮಗು ನಿಜವಾಗಿಯೂ ಕೇಳಿಸಿಕೊಳ್ಳುತ್ತಿದೆಯೇ? ಪುಟ್ಟ ಮಕ್ಕಳ ಮಾತು, ಆಲಿಸುವಿಕೆ ಬೆಳೆಸುವ ಚಟುವಟಿಕೆಗಳು

ಗದ್ದಲವಿಲ್ಲದ ತರಗತಿಯೇ ಒಳ್ಳೆಯ ತರಗತಿ, ಸುಮ್ಮನೆ ಕೂತ ಮಗುವೇ ಜಾಣ ಮಗು ಎಂಬ ನಂಬಿಕೆ ನಮ್ಮಲ್ಲಿ ಹಳೆಯದು. ಆದರೆ ಸುಮ್ಮನಿರುವುದು ಮತ್ತು ಆಲಿಸುವುದು ಒಂದೇ ಅಲ್ಲ. ಸುಮ್ಮನಿರುವ ಮಗುವಿಗೆ ಪಾಠದ ಭಾಷೆ ಅರ್ಥವಾಗದಿರಬಹುದು, ಕಿವಿಯೇ ಸರಿಯಾಗಿ ಕೇಳಿಸದಿರಬಹುದು. 3ರಿಂದ 8 ವರ್ಷದ ಮಕ್ಕಳಲ್ಲಿ ಈ ಎರಡು ಕೌಶಲ ಬೆಳೆಯುವುದು ಹೇಗೆ ಎಂಬುದನ್ನು ವಿಜಯಪುರ, ತಿಕೋಟಾ, ಬಬಲೇಶ್ವರ ಭಾಗದ ಉದಾಹರಣೆಗಳೊಂದಿಗೆ ನೋಡೋಣ.

ಓದಿಗಿಂತ ಮೊದಲು ಮಾತು ಏಕೆ?

ಅಕ್ಷರ ಕೂಡಿಸಿ ಓದಿದ ಪದ ಮಗುವಿಗೆ ಮೊದಲೇ ಗೊತ್ತಿದ್ದರೆ ಮಾತ್ರ ಅರ್ಥ ಹೊಳೆಯುತ್ತದೆ. ಹಾಗಾಗಿ ಓದಿನ ಅಡಿಪಾಯವೇ ಮಾತು. 2021ರಲ್ಲಿ ಆರಂಭವಾದ ನಿಪುಣ್ ಭಾರತ್ ಯೋಜನೆಯೂ 2022ರ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟೂ ಮೌಖಿಕ ಭಾಷೆಗೆ ಒತ್ತು ಕೊಡುತ್ತವೆ. ಕರ್ನಾಟಕದಲ್ಲಿ 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾಗಿ ನಂತರ ರಾಜ್ಯಕ್ಕೆಲ್ಲ ಹರಡಿದ ನಲಿ-ಕಲಿ ಪದ್ಧತಿಯಲ್ಲೂ ಹಾಡು, ಕಥೆ, ಆಟಗಳಿಗೆ ಜಾಗವಿದೆ.

ಮನೆಮಾತು ತಪ್ಪು ಮಾತಲ್ಲ

ಈ ಭಾಗದ ಮಕ್ಕಳ ಮನೆಯ ಕನ್ನಡ ಪುಸ್ತಕದ ಕನ್ನಡದಂತಿಲ್ಲ. ತಾಂಡಾಗಳ ಮಕ್ಕಳ ಮನೆಮಾತು ಲಂಬಾಣಿ. ನಗರದ ಅನೇಕ ಮನೆಗಳಲ್ಲಿ ಉರ್ದು. ಮಹಾರಾಷ್ಟ್ರದ ಗಡಿಯ ಕಡೆಗೆ ಮರಾಠಿಯೂ ಕಿವಿಗೆ ಬೀಳುತ್ತದೆ. ಹೊಸ ಭಾಷೆಯ ನಡುವೆ ಬಂದ ಮಗು ಕೆಲವು ವಾರ, ಕೆಲವೊಮ್ಮೆ ತಿಂಗಳುಗಳ ಕಾಲ ಮಾತಾಡದೆ ಗಮನಿಸುತ್ತಿರಬಹುದು. ಅದನ್ನು ದಡ್ಡತನ ಎನ್ನಬಾರದು.

"ಅಕ್ಕೋರ, ನಮ್ಮ ಆಡು ಮರಿ ಹಾಕೈತ್ರಿ" ಎಂದು ಮಗು ಹೇಳಿತು ಎನ್ನೋಣ. "ಹಾಕೈತಿ ಅಲ್ಲ, ಹಾಕಿದೆ ಅನ್ನು" ಎಂದರೆ ಮಾತು ಅಲ್ಲಿಗೇ ನಿಲ್ಲುತ್ತದೆ. "ಹೌದಾ! ಎಷ್ಟು ಮರಿ ಹಾಕೈತಿ? ಯಾವ ಬಣ್ಣದ್ದು?" ಎಂದರೆ ಮಾತು ಮುಂದುವರಿಯುತ್ತದೆ. ಪುಸ್ತಕದ ರೂಪವನ್ನು ಆಮೇಲೆ ಪಕ್ಕದಲ್ಲಿಟ್ಟು ಹೇಳಿಕೊಡಬಹುದು.

ಖರ್ಚಿಲ್ಲದ ಐದು ಚಟುವಟಿಕೆಗಳು

1. ಕಣ್ಣು ಮುಚ್ಚಿ ಕೇಳು: ಒಂದು ನಿಮಿಷ ಎಲ್ಲರೂ ಕಣ್ಣು ಮುಚ್ಚಲಿ. ಟ್ರ್ಯಾಕ್ಟರ್, ಆಡಿನ ಕೂಗು, ಬಿಸಿಯೂಟದ ಪಾತ್ರೆಯ ಸದ್ದು, ಏನೇನು ಕೇಳಿಸಿತು, ಯಾವುದು ಮೊದಲು, ಯಾವುದು ದೂರ ಎಂದು ಹೇಳಲಿ.

2. ಚೀಲದಾಗ ಏನೈತಿ?: ಬಟ್ಟೆ ಚೀಲದಲ್ಲಿ ಒಣದ್ರಾಕ್ಷಿ, ಲಿಂಬೆಹಣ್ಣು, ಜೋಳದ ತೆನೆ ಇಡಿ. ಒಂದು ಮಗು ಕೈ ಹಾಕಿ, ಹೆಸರು ಹೇಳದೆ, ಮೆತ್ತಗಿದೆಯೋ ಒರಟೋ ಎಂದು ವರ್ಣಿಸಲಿ. ಉಳಿದವರು ಊಹಿಸಲಿ.

3. ರೊಟ್ಟಿ ಹೆಂಗ ಮಾಡತಾರ?: ಹಿಟ್ಟು ನಾದುವುದರಿಂದ ರೊಟ್ಟಿ ಬಡಿದು ಬೇಯಿಸುವವರೆಗೆ ಒಬ್ಬೊಬ್ಬರು ಒಂದೊಂದು ಹಂತ ಹೇಳಲಿ. ಹಿಂದಿನವರು ಹೇಳಿದ್ದನ್ನು ಕೇಳಿಸಿಕೊಳ್ಳದಿದ್ದರೆ ಮುಂದಿನ ಹಂತ ಹೇಳಲಾಗದು.

4. ಅರ್ಧ ಕಥೆ: ಕಥೆಯನ್ನು ನಡುವೆ ನಿಲ್ಲಿಸಿ "ಮುಂದೇನಾಗಿರಬಹುದು? ಯಾಕೆ?" ಎಂದು ಕೇಳಿ. ಹೌದು, ಇಲ್ಲ ಎಂಬ ಉತ್ತರದಲ್ಲಿ ಮುಗಿಯುವ ಪ್ರಶ್ನೆಗಿಂತ ಇಂಥ ಪ್ರಶ್ನೆಗಳು ಹೆಚ್ಚು ಮಾತಾಡಿಸುತ್ತವೆ.

5. ಪಿಸುಮಾತಿನ ಸರಪಳಿ: ಒಂದು ವಾಕ್ಯ ಕಿವಿಯಿಂದ ಕಿವಿಗೆ ದಾಟಲಿ, ಕೊನೆಯ ಮಗು ಗಟ್ಟಿಯಾಗಿ ಹೇಳಲಿ. ಗೋಳಗುಮ್ಮಟ ನೋಡಿದ ಮಕ್ಕಳಿಗೆ ಇದನ್ನು ವಿವರಿಸುವುದು ಸುಲಭ. ಅಲ್ಲಿನ ಮೇಲಿನ ಗ್ಯಾಲರಿಯಲ್ಲಿ ಪಿಸುಗುಟ್ಟಿದ ಮಾತು ಎದುರು ಬದಿಗೆ ಕೇಳಿಸುತ್ತದೆ, ಎಲ್ಲರೂ ಒಟ್ಟಿಗೆ ಕೂಗಿದರೆ ಯಾರ ಮಾತೂ ತಿಳಿಯುವುದಿಲ್ಲ.

ಪ್ರಶ್ನೆ ಕೇಳಿ, ಮೂರು ಸೆಕೆಂಡ್ ಕಾಯಿರಿ

ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಸಾಮಾನ್ಯವಾಗಿ ಒಂದು ಸೆಕೆಂಡಷ್ಟೇ ಕಾಯುತ್ತಾರೆ ಎಂಬುದನ್ನು 1970ರ ದಶಕದಲ್ಲಿ ಅಮೆರಿಕದ ಸಂಶೋಧಕಿ ಮೇರಿ ಬಡ್ ರೋ ಗುರುತಿಸಿದರು. ಕಾಯುವ ಸಮಯ ಮೂರು ಸೆಕೆಂಡಿಗೆ ಏರಿದಾಗ ಮಕ್ಕಳ ಉತ್ತರಗಳು ಉದ್ದವಾದವು, ಉತ್ತರಿಸದೆ ಉಳಿಯುವವರು ಕಡಿಮೆಯಾದರು. ಮನೆಮಾತಿನಲ್ಲಿ ಯೋಚಿಸಿ ಕನ್ನಡದಲ್ಲಿ ಹೇಳಬೇಕಾದ ಮಗುವಿಗೆ ಈ ಬಿಡುವು ಇನ್ನೂ ಮುಖ್ಯ.

ನಂಬಿಕೆ ಮತ್ತು ನಿಜ

"ಮೊಬೈಲ್‌ನಲ್ಲಿ ಹಾಡು ಹಾಕಿದರೆ ಮಾತು ಬೇಗ ಬರುತ್ತದೆ": 2003ರಲ್ಲಿ ಪ್ರಕಟವಾದ ಪ್ಯಾಟ್ರಿಷಿಯಾ ಕೂಲ್ ಮತ್ತು ಸಂಗಡಿಗರ ಅಧ್ಯಯನದಲ್ಲಿ, ಎದುರು ಕೂತ ವ್ಯಕ್ತಿಯಿಂದ ಚೀನಿ ಭಾಷೆ ಕೇಳಿದ 9 ತಿಂಗಳ ಅಮೆರಿಕನ್ ಶಿಶುಗಳು ಅದರ ಧ್ವನಿಗಳನ್ನು ಗುರುತಿಸಲು ಕಲಿತವು. ಅದೇ ಮಾತನ್ನು ವಿಡಿಯೊದಲ್ಲಿ ನೋಡಿದ ಶಿಶುಗಳು ಕಲಿಯಲಿಲ್ಲ. ಮೊಬೈಲ್ ಮಗುವಿನ ಮಾತಿಗೆ ಮರುಮಾತು ಕೊಡುವುದಿಲ್ಲ.

"ಎರಡು ಭಾಷೆ ಕೇಳಿದರೆ ಮಾತು ತಡವಾಗುತ್ತದೆ": ಎರಡು ಭಾಷೆ ಕಲಿಯುವುದು ಮಾತಿನ ತೊಂದರೆಗೆ ಕಾರಣವಲ್ಲ. ಪದಗಳನ್ನು ಬೆರೆಸಿ ಆಡುವುದು ಸಹಜ.

"ಬಜೆ ತೇಯ್ದು ನೆಕ್ಕಿಸಿದರೆ ಮಾತು ಬರುತ್ತದೆ": ಇದಕ್ಕೆ ವೈಜ್ಞಾನಿಕ ಆಧಾರವಿಲ್ಲ. ಬಜೆಯಲ್ಲಿರುವ ಬೀಟಾ-ಅಸರೋನ್ ಎಂಬ ಅಂಶ ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಹಾನಿಕರ ಎಂದು ಕಂಡುಬಂದಿದೆ.

ಯಾವಾಗ ವೈದ್ಯರಿಗೆ ತೋರಿಸಬೇಕು?

ಎರಡು ವರ್ಷವಾದರೂ ಎರಡು ಪದ ಕೂಡಿಸಿ ಆಡದಿದ್ದರೆ, ಕರೆದರೆ ತಿರುಗಿ ನೋಡದಿದ್ದರೆ, ಕಿವಿ ಸೋರುತ್ತಿದ್ದರೆ, ಬರುತ್ತಿದ್ದ ಮಾತು ನಿಂತುಹೋದರೆ "ಗಂಡು ಮಕ್ಕಳಿಗೆ ಮಾತು ತಡ" ಎಂದು ಕಾಯಬೇಡಿ. ಮೊದಲು ಶ್ರವಣ ಪರೀಕ್ಷೆ ಮಾಡಿಸಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿ ಮತ್ತು ಸರ್ಕಾರಿ ಶಾಲೆಗಳಿಗೆ ಬಂದಾಗ ಈ ವಿಷಯವನ್ನು ತಿಳಿಸಿ. ಅವರು ಅಗತ್ಯವಿದ್ದರೆ ಮುಂದಿನ ಚಿಕಿತ್ಸೆಗೆ ಕಳುಹಿಸುತ್ತಾರೆ.

ನೆನಪಿಡಿ: ಹೇಳಿಕೊಟ್ಟದ್ದನ್ನು ಒಕ್ಕೊರಲಿನಿಂದ ಒಪ್ಪಿಸಿದರಷ್ಟೇ ಮಾತು ಬೆಳೆಯುವುದಿಲ್ಲ. ಮಗು ಹೇಳಿದ್ದನ್ನು ನಾವು ಕೇಳಿಸಿಕೊಂಡು ಮರುಮಾತು ಕೊಟ್ಟಾಗ ಅದು ಬೆಳೆಯುತ್ತದೆ. ನಾಳೆ ತರಗತಿಯಲ್ಲಿ ಅಥವಾ ಮನೆಯಲ್ಲಿ, ಹೆಚ್ಚು ಮಾತಾಡದ ಮಗುವಿಗೆ ಅದರ ಮನೆಯ ಬಗ್ಗೆ ಒಂದು ಪ್ರಶ್ನೆ ಕೇಳಿ, ಉತ್ತರ ಬರುವವರೆಗೆ ಕಾಯಿರಿ.