ಬೆಂಕಿಗೆ ಹುಟ್ಟಿದ ಥರ್ಮೋಸ್ಟಾಟು, ಬೆಂಕಿಯಿಲ್ಲದ ಮನೆ

ಚಳಿದೇಶಗಳಿಗೆ ಬಂದು ನೆಲೆಸಿದವರ ಮನೆಗಳಲ್ಲಿ ಗೋಡೆಯ ಮೇಲೊಂದು ಪುಟ್ಟ ಡಬ್ಬಿ ಇರುತ್ತದೆ. ಗಂಡ ಹತ್ತೊಂಬತ್ತಕ್ಕೆ ಇಳಿಸಿದರೆ ಹೆಂಡತಿ ಇಪ್ಪತ್ತೊಂದಕ್ಕೆ ಏರಿಸುವ, ಊರಿಂದ ಬಂದ ಅತ್ತೆ-ಮಾವ ಸ್ವೆಟರ್ ತೊಟ್ಟು ಸುಮ್ಮನೆ ನೋಡುತ್ತಾ ಕೂರುವ ಡಬ್ಬಿ. ಥರ್ಮೋಸ್ಟಾಟ್ ಅಂತ ಅದರ ಹೆಸರು. ನಾನಿರುವ ನೆದರ್ಲೆಂಡ್ಸಿನಲ್ಲಿ ಈಚೆಗೆ ಈ ಜಗಳಕ್ಕೊಂದು ಹೊಸ ತಿರುವು ಬಂದಿದೆ. ಹೊಸ ಮನೆಗಳಲ್ಲಿ ಗ್ಯಾಸ್ ಬಾಯ್ಲರ್ ಬದಲು ಹೀಟ್ ಪಂಪ್, ಗೋಡೆಯ ರೇಡಿಯೇಟರ್ ಬದಲು ನೆಲದಡಿ ಬಿಸಿನೀರಿನ ಕೊಳವೆ. ಇದಕ್ಕೊಂದು 'ಸ್ಮಾರ್ಟ್' ಥರ್ಮೋಸ್ಟಾಟ್ ಜೋಡಿಸಿದರೆ ಬಿಲ್ಲು ಇಳಿಯುತ್ತೆ ಅನ್ನೋದು ಎಲ್ಲರ ನಂಬಿಕೆ. ನನಗೆ ಗೊತ್ತಿರುವ ಎರಡು ಮನೆಗಳಲ್ಲಿ ಮಾತ್ರ ಬಿಲ್ಲು ಏರಿತು! ಯಾಕಪ್ಪಾ ಅಂತ ಓದುತ್ತಾ ಹೋದರೆ, ಕಾರಣ ಇರೋದು ಈ ಡಬ್ಬಿಯ ಚರಿತ್ರೆಯಲ್ಲಿ.

ಇದರ ಮೂಲಪುರುಷ ಇದೇ ಡಚ್ಚರ ನಾಡಿನವನು, 1572ರಲ್ಲಿ ಆಲ್ಕ್‌ಮಾರಿನಲ್ಲಿ ಹುಟ್ಟಿದ ಕೊರ್ನೇಲಿಸ್ ಡ್ರೆಬೆಲ್. ಮೊಟ್ಟೆಗೆ ಕಾವು ಕೊಡಲು ಅವನೊಂದು ಒಲೆ ಮಾಡಿದ. ಬಿಸಿ ಹೆಚ್ಚಾದರೆ ಒಳಗಿನ ಮದ್ಯಸಾರ ಹಿಗ್ಗಿ ಪಾದರಸವನ್ನು ತಳ್ಳುತ್ತಿತ್ತು, ಪಾದರಸ ಏರಿ ಗಾಳಿಯ ಕಿಂಡಿ ಮುಚ್ಚುತ್ತಿತ್ತು, ಬೆಂಕಿ ತಗ್ಗುತ್ತಿತ್ತು. ಆರಿದರೆ ಕಿಂಡಿ ಮತ್ತೆ ತೆರೆಯುತ್ತಿತ್ತು. 1830ರಲ್ಲಿ ಸ್ಕಾಟ್ಲೆಂಡಿನ ಆಂಡ್ರೂ ಯೂರ್ ಎರಡು ಲೋಹಗಳ ಪಟ್ಟಿ ಬೆಸೆದು, ಬಿಸಿಗೆ ಅದು ಬಾಗುವುದನ್ನೇ ಬಳಸಿಕೊಂಡ. ಥರ್ಮೋಸ್ಟಾಟ್ ಅಂತ ಹೆಸರಿಟ್ಟವನೂ ಅವನೇ. ನಮ್ಮ ಇಸ್ತ್ರಿಪೆಟ್ಟಿಗೆಯಲ್ಲಿ 'ಟಕ್' ಅನ್ನುತ್ತಲ್ಲ, ಅದೇ ಪಟ್ಟಿ ನೋಡಿ.

ಅದನ್ನು ಕೋಣೆಗೆ ತಂದವರಲ್ಲೊಬ್ಬ ಅಮೆರಿಕದ ವಿಸ್ಕಾನ್ಸಿನ್ನಿನ ಒಬ್ಬ ಮೇಷ್ಟ್ರು, ವಾರೆನ್ ಜಾನ್ಸನ್. ಚಳಿಗಾಲದಲ್ಲಿ ಶಾಲೆಯ ಜವಾನ ಪ್ರತಿ ತರಗತಿಗೂ ಬಂದು ಬಿಸಿ ಎಷ್ಟಿದೆ ಅಂತ ನೋಡಿ, ನೆಲಮಾಳಿಗೆಗೆ ಹೋಗಿ ಒಲೆಯ ಕಿಂಡಿ ಸರಿಪಡಿಸಬೇಕಿತ್ತು. ಕೋಣೆಯಿಂದಲೇ ಕೆಳಗೆ ಗಂಟೆ ಬಾರಿಸುವ ವಿದ್ಯುತ್ ಉಪಕರಣಕ್ಕೆ ಜಾನ್ಸನ್ 1883ರಲ್ಲಿ ಪೇಟೆಂಟ್ ಪಡೆದ. ಎರಡೇ ವರ್ಷದಲ್ಲಿ, 1885ರಲ್ಲಿ, ಆಲ್ಬರ್ಟ್ ಬಟ್ಜ್ ಕಲ್ಲಿದ್ದಲ ಒಲೆಯ ಕಿಂಡಿಯನ್ನು ತಾನಾಗಿ ಎತ್ತಿ ಇಳಿಸುವ ಯಂತ್ರ ಮಾಡಿದ. ಹನಿವೆಲ್ ಕಂಪನಿಯ ಬೇರು ಅಲ್ಲಿದೆ.

ಗಮನಿಸಿ, ಇವರೆಲ್ಲ ಪಳಗಿಸುತ್ತಿದ್ದುದು ಬೆಂಕಿಯನ್ನು. ಬೆಂಕಿ ಬೇಗ ಬಿಸಿ ಕೊಡುತ್ತೆ, ಬೇಡ ಅಂದರೆ ಬೇಗ ತಗ್ಗುತ್ತೆ. ಹಾಗಾಗಿ ರಾತ್ರಿ ಇಳಿಸಿ ಬೆಳಿಗ್ಗೆ ಏರಿಸಿದರೆ ಉಳಿತಾಯ. 1977ರ ಫೆಬ್ರವರಿಯಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಉಣ್ಣೆಯ ಕಾರ್ಡಿಗನ್ ತೊಟ್ಟು ಟೀವಿಗೆ ಬಂದು, ಹಗಲು 65 ಡಿಗ್ರಿ ಫ್ಯಾರನ್‌ಹೀಟ್, ರಾತ್ರಿ 55 ಸಾಕು ಎಂದು ಜನರನ್ನು ಕೇಳಿಕೊಂಡದ್ದು ಈ ಲೆಕ್ಕದಲ್ಲೇ. 2011ರಲ್ಲಿ ಬಂದ ನೆಸ್ಟ್ ಥರ್ಮೋಸ್ಟಾಟ್ ಅದೇ ಲೆಕ್ಕವನ್ನು ತಾನೇ ಕಲಿಯಿತು. ಮನೆಯಲ್ಲಿ ಜನ ಇಲ್ಲದಾಗ ಇಳಿಸು, ಬರುವ ಹೊತ್ತಿಗೆ ಏರಿಸು. ಜಾಣತನ ಹೊಸದು, ಪಾಠ ಹಳೆಯದು.

ಇನ್ನು ಬಿಸಿನೆಲದ ವಂಶಾವಳಿ ಬೇರೆಯೇ. ಕೊರಿಯಾದ ಒಂಡಾಲ್ ಮನೆಗಳಲ್ಲಿ ಅಡುಗೆ ಒಲೆಯ ಹೊಗೆ ನೆಲದ ಕಲ್ಲುಚಪ್ಪಡಿಗಳ ಅಡಿಯಲ್ಲಿ ಹರಿದು ಆಚೆ ಹೋಗುತ್ತಿತ್ತು. ಸಂಜೆ ಉರಿಸಿದರೆ ಕಲ್ಲು ರಾತ್ರಿಯೆಲ್ಲ ಬೆಚ್ಚಗೆ. ರೋಮನ್ನರ ಸ್ನಾನಗೃಹಗಳಲ್ಲೂ ಹೀಗೇ ನೆಲದಡಿ ಬಿಸಿಗಾಳಿ ಹರಿಯುತ್ತಿತ್ತು. ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ ಟೋಕಿಯೊದಲ್ಲಿ ಇಂಥದೊಂದು ಕೊರಿಯನ್ ಕೋಣೆಯಲ್ಲಿ ಕೂತು ಮರುಳಾದ. 1937ರಲ್ಲಿ ಮ್ಯಾಡಿಸನ್ ನಗರದ ಜೇಕಬ್ಸ್ ಮನೆಗೆ ನೆಲದಡಿ ಕೊಳವೆ ಹಾಕಿಸಿದ. ಈ ನೆಲದ ಗುಣ ಒಂದೇ: ನಿಧಾನ. ಕಾಯಲು ಗಂಟೆಗಟ್ಟಲೆ, ಆರಲೂ ಗಂಟೆಗಟ್ಟಲೆ.

ಮೂರನೆಯದು ಹೀಟ್ ಪಂಪ್. ಫ್ರಿಜ್ಜಿನ ಹಿಂಭಾಗ ಮುಟ್ಟಿದರೆ ಬಿಸಿ ತಾನೇ? ಒಳಗಿನ ಶಾಖವನ್ನು ಆಚೆ ಎತ್ತಿಹಾಕುವ ಕೆಲಸ ಅದು. ಹೀಗೇ ಹೊರಗಿನ ಶಾಖವನ್ನು ಮನೆಯೊಳಕ್ಕೆ ಎತ್ತಬಹುದು ಅಂತ 1852ರಲ್ಲೇ ವಿಲಿಯಂ ಥಾಮ್ಸನ್ (ಮುಂದೆ ಲಾರ್ಡ್ ಕೆಲ್ವಿನ್ ಆದವರು) ಬರೆದಿದ್ದರು. 1938ರಲ್ಲಿ ಜ್ಯೂರಿಕ್ಕಿನ ಪುರಭವನಕ್ಕೆ ಪಕ್ಕದ ಲಿಮ್ಮಾಟ್ ನದಿಯ ನೀರಿಂದಲೇ ಬಿಸಿ ಬಂತು. ಇದು ಬಾವಿಯಿಂದ ನೀರು ಸೇದಿದ ಹಾಗೆ. ಬಾವಿ ಆಳವಾದಷ್ಟೂ ರಟ್ಟೆ ನೋವು. ನೆಲದ ಕೊಳವೆಗೆ 35 ಡಿಗ್ರಿ ಸೆಲ್ಸಿಯಸ್ ನೀರು ಸಾಕಾದರೆ ಒಂದು ಯೂನಿಟ್ ಕರೆಂಟಿಗೆ ಮೂರು-ನಾಲ್ಕು ಯೂನಿಟ್ ಶಾಖ ಸಿಗುತ್ತೆ. 50 ಡಿಗ್ರಿ ಬೇಕೆಂದರೆ ಆ ಲಾಭ ಸಾಕಷ್ಟು ಕರಗುತ್ತೆ.

ಇವೆರಡೂ ನೆದರ್ಲೆಂಡ್ಸಿನ ಮನೆಮನೆಗೆ ಬರಲು ಭೂಕಂಪವೂ ಒಂದು ಕಾರಣ. 1959ರಲ್ಲಿ ಖ್ರೊನಿಂಗನ್ ಪ್ರಾಂತ್ಯದ ಸ್ಲೋಖ್ಟರನ್ ಬಳಿ ಭಾರಿ ಅನಿಲ ನಿಕ್ಷೇಪ ಸಿಕ್ಕಿತು. ಕೆಲವೇ ವರ್ಷಗಳಲ್ಲಿ ದೇಶವೆಲ್ಲ ಗ್ಯಾಸಿಗೆ ಬದಲಾಯಿತು. ಅನಿಲ ತೆಗೆದಂತೆ ಮೇಲಿನ ನೆಲ ಕುಸಿಯುತ್ತಾ, ನಡುಗುತ್ತಾ ಬಂತು. 2012ರ ಆಗಸ್ಟ್ 16ರಂದು ಹೌಜಿಂಗ ಹಳ್ಳಿಯ ಬಳಿ 3.6 ತೀವ್ರತೆಯ ಕಂಪನ. ಆ ಸೀಮೆಯ ಮನೆಗಳ ಗೋಡೆಗಳು ಬಿರುಕು ಬಿಟ್ಟವು. 2018ರ ಜುಲೈನಿಂದ ಹೊಸ ಮನೆಗಳಿಗೆ ಗ್ಯಾಸ್ ಸಂಪರ್ಕ ಕೊಡುವುದು ನಿಂತಿತು. 2023ರ ಅಕ್ಟೋಬರ್ 1ಕ್ಕೆ ಆ ನಿಕ್ಷೇಪದಿಂದ ಅನಿಲ ತೆಗೆಯುವುದೂ ನಿಂತು, 2024ರಲ್ಲಿ ಕಾನೂನೇ ಅದಕ್ಕೆ ಬೀಗ ಹಾಕಿತು.

ಬೆಂಕಿ ಹೋಯಿತು, ಬೆಂಕಿಯ ಅಭ್ಯಾಸ ಹೋಗಲಿಲ್ಲ. ರಾತ್ರಿ ಹದಿನೇಳಕ್ಕೆ ಇಳಿಸಿ ಬೆಳಿಗ್ಗೆ ಆರಕ್ಕೆ ಇಪ್ಪತ್ತು ಕೇಳಿದರೆ ಏನಾಗುತ್ತೆ ನೋಡಿ. ತಣ್ಣಗಾದ ಕಾಂಕ್ರೀಟು ಬೇಗ ಕಾಯುವುದಿಲ್ಲ. ಪಂಪು ಪೂರ್ತಿ ಜೋರಿನಲ್ಲಿ ಓಡುತ್ತೆ, ನೀರಿನ ಬಿಸಿ ಏರಿಸುತ್ತೆ. ಅದೂ ಸಾಲದಿದ್ದರೆ ಕೆಲವು ಮನೆಗಳಲ್ಲಿ ಒಳಗಿನ ವಿದ್ಯುತ್ ಕಾಯಿಲು ಹೊತ್ತಿಕೊಳ್ಳುತ್ತೆ. ಅದು ಒಂದು ಯೂನಿಟ್ಟಿಗೆ ಒಂದೇ ಯೂನಿಟ್ ಶಾಖ ಕೊಡುವಂಥದ್ದು! ಹತ್ತು ಗಂಟೆಗೆ ಕೋಣೆ ಇಪ್ಪತ್ತಾಯಿತು ಅಂತ ಡಬ್ಬಿ 'ಸಾಕು' ಅಂದರೂ ನೆಲ ಕೇಳುವುದಿಲ್ಲ, ಮಧ್ಯಾಹ್ನ ಸೆಕೆ. ಅಮ್ಮ ಊರಿಂದ ಬಂದಿದ್ದಾಗ ಗೆಳೆಯನೊಬ್ಬ ಇದನ್ನೆಲ್ಲ ವಿವರಿಸಿದನಂತೆ. ತೀರ್ಥಹಳ್ಳಿ ಕಡೆಯ ಆಕೆ ಅಂದರಂತೆ, "ಬಚ್ಚಲ ಒಲೆ ಪೂರ್ತಿ ಆರಿಸಿ ಬೆಳಿಗ್ಗೆ ಹೊಸದಾಗಿ ಹೊತ್ತಿಸೋದು ಯಾಕೆ ಮಾರಾಯಾ? ಕೆಂಡಕ್ಕೆ ಬೂದಿ ಮುಚ್ಚಿಟ್ರೆ ಆಗ್ತದಲ್ಲ."

ಹೀಟ್ ಪಂಪಿನಲ್ಲಿ ಆ ಬೂದಿಯ ಕೆಲಸಕ್ಕೊಂದು ವ್ಯವಸ್ಥೆ ಆಗಲೇ ಇದೆ. ಹೊರಗೋಡೆಯ ಸೆನ್ಸರ್ ಚಳಿ ನೋಡಿ ಕೊಳವೆಯ ನೀರನ್ನು ಒಂದೆರಡು ಡಿಗ್ರಿ ಏರಿಸುತ್ತೆ, ಇಳಿಸುತ್ತೆ, ಪಂಪು ದಿನವಿಡೀ ಮೆಲ್ಲಗೆ ಓಡುತ್ತೆ. ಬರೀ 'ಹಚ್ಚು-ಆರಿಸು' ಗೊತ್ತಿರುವ ಥರ್ಮೋಸ್ಟಾಟ್ ನಡುವೆ ಬಂದರೆ ಈ ಲಯ ಕೆಡುತ್ತೆ. 2025ರಲ್ಲಿ ಗೂಗಲ್, ಯುರೋಪಿಗೆ ಇನ್ನು ಹೊಸ ನೆಸ್ಟ್ ಥರ್ಮೋಸ್ಟಾಟ್ ತರುವುದಿಲ್ಲ ಅಂದಿತು. ಇಲ್ಲಿನ ಮನೆಗಳ ಬಿಸಿ ವ್ಯವಸ್ಥೆಗಳು ಬಗೆಬಗೆಯವು ಅನ್ನೋದು ಅದು ಕೊಟ್ಟ ಕಾರಣ.

ಹಾಗಂತ ಜಾಣ ಡಬ್ಬಿಗಳೆಲ್ಲ ದಂಡ ಅಂತಲ್ಲ. ಇಲ್ಲಿ ಗಂಟೆಗೊಂದು ದರದ ಕರೆಂಟ್ ಸಿಗುತ್ತೆ. ಬಿಸಿಲಿದ್ದು ದರ ಇಳಿದ ಮಧ್ಯಾಹ್ನ ನೆಲಕ್ಕೆ ಅರ್ಧ-ಒಂದು ಡಿಗ್ರಿ ಹೆಚ್ಚು ತುಂಬಿಟ್ಟರೆ, ಅದು ರಾತ್ರಿಯವರೆಗೂ ಬರುತ್ತೆ. ಕಾಂಕ್ರೀಟೇ ಬ್ಯಾಟರಿ! ನಾಳೆಯ ಹವಾಮಾನ, ದರ ಎರಡನ್ನೂ ನೋಡಿ ಇದನ್ನು ಮಾಡುವ ಡಬ್ಬಿಯಾದರೆ ಕೊಟ್ಟ ದುಡ್ಡಿಗೆ ಮೋಸವಿಲ್ಲ.

ನಮ್ಮನೆಯಲ್ಲಿ ಸದ್ಯಕ್ಕೆ ಹಗಲೂ ರಾತ್ರಿಯೂ ಇಪ್ಪತ್ತು. ಜಗಳ ಮಾತ್ರ ಇಪ್ಪತ್ತೂವರೆಯದ್ದು :-) ಜರ್ಮನಿ, ಸ್ವೀಡನ್, ಕೆನಡಾ ಕಡೆ ಇರುವ ಗೆಳೆಯರೇ, ಹಳೆ ರೇಡಿಯೇಟರಿಗೆ ಹೀಟ್ ಪಂಪ್ ಜೋಡಿಸಿದವರಿದ್ದರೆ ನೀರು ಎಷ್ಟು ಡಿಗ್ರಿಗೆ ಇಟ್ಟಿದ್ದೀರಿ, ಹೇಳ್ತೀರಾ?