ಊರು ಬಿಟ್ಟವರ ಅಡ್ಡಹೆಸರು

ಅಡ್ಡಹೆಸರು ಊರಿನದಾಗಿದ್ದರೆ ಆ ಮನೆತನ ಆ ಊರಿನದೆಂದು ನಮ್ಮ ಕಡೆ ಎಲ್ಲರೂ ತಿಳಿಯುವುದುಂಟು. ಮಾತು ನಿಜ, ಆದರೆ ಅರ್ಧ ಮಾತ್ರ. ತಡಸದಲ್ಲಿ ಇದ್ದವನನ್ನು ‘ತಡಸದ’ ಎಂದು ಕರೆಯಬೇಕಾದ ಕಾರಣವೇನು? ಅಲ್ಲಿ ಎಲ್ಲರೂ ತಡಸದವರೇ. ಒಬ್ಬನು ಊರು ಬಿಟ್ಟು ಬೇರೆ ಕಡೆ ನೆಲೆ ನಿಂತಾಗ ಅಲ್ಲಿಯ ಜನ ಅವನಿಗೆ ಇಟ್ಟ ಗುರುತು ಅದು. ನಮ್ಮ ಮನೆತನದ ಹೆಸರೂ ತಡಸದ ಎಂದೇ. ಹಾಗಾದರೆ ನಮ್ಮವರು ತಡಸವನ್ನು ಬಿಟ್ಟದ್ದು ಯಾವಾಗ, ಏಕೆ? ಈ ಪ್ರಶ್ನೆಯ ಬೆನ್ನು ಹತ್ತಿ ನಾನು ಕೆಲವು ವರ್ಷ ತಿರುಗಿದೆ.

ಮನೆಯ ಹಿರಿಯರಲ್ಲಿ ಉತ್ತರ ಸಿದ್ಧವಾಗಿತ್ತು: “ಬರ ಬಿದ್ದಾಗ ಬಂದವರು ನಾವು.” ಯಾವ ಬರ ಎಂದು ಕೇಳಿದರೆ ಮಾತು ಅಲ್ಲಿಗೇ ನಿಲ್ಲುತ್ತಿತ್ತು. ನಮ್ಮ ಸೀಮೆ ಕಂಡ ಬರಗಳು ಒಂದೆರಡಲ್ಲ. 1791-92ರಲ್ಲಿ ಬಂದುದು ಸತ್ತವರ ತಲೆಬುರುಡೆಗಳಿಂದಲೇ ಹೆಸರು ಪಡೆದ ಬರ. 1876ರಿಂದ 78ರ ವರೆಗಿನ ಬರ ಧಾತು, ಈಶ್ವರ ಸಂವತ್ಸರಗಳ ಹೆಸರಿನಿಂದ ಜನರ ನೆನಪಿನಲ್ಲಿ ಉಳಿದಿದೆ. ಇವೆರಡರ ನಡುವೆ ಎಂಬತ್ತೈದು ವರ್ಷಗಳ ಅಂತರ. ಬಾಯಿಮಾತಿಗೆ ಅಷ್ಟು ಅಂತರ ಒಂದು ಲೆಕ್ಕವೇ ಅಲ್ಲ.

ಆಗ ನೆನಪಾದವರು ಹೆಳವರು. ಉತ್ತರ ಕರ್ನಾಟಕದ ಓದುಗರಿಗೆ ಇವರ ಪರಿಚಯ ಹೇಳಬೇಕಾಗಿಲ್ಲ. ಹೆಳವನೆಂದರೆ ಕುಂಟ. ಮೂಲಪುರುಷನು ನಡೆಯಲಾರದೆ ಎತ್ತಿನ ಮೇಲೆ ಕುಳಿತು ಮನೆಮನೆಗೆ ಹೋದನೆಂದು ಹೇಳುವರು. ತಮಗೆ ಸೇರಿದ ಮನೆತನಗಳ ಅಂಗಳಕ್ಕೆ ಬಂದು, ತಲೆಮಾರುಗಳ ಹೆಸರುಗಳನ್ನು ಒಂದೊಂದಾಗಿ ಹಾಡಿ ಹೇಳಿ, ಹೊಸದಾಗಿ ಹುಟ್ಟಿದವರನ್ನು ಪುಸ್ತಕಕ್ಕೆ ಸೇರಿಸಿಕೊಂಡು, ಕಾಳುಕಡಿ ಪಡೆದು ಮುಂದೆ ಹೋಗುವುದು ಅವರ ವೃತ್ತಿ. ನಮ್ಮ ದಾಯಾದಿಗಳ ಮನೆಯಲ್ಲಿ ಕುಳಿತು ಏಳು ತಲೆಮಾರಿನ ಹೆಸರುಗಳನ್ನು ಕೇಳಿದೆ. ಎಂದೂ ಕಾಣದ ಜನರನ್ನು ಇನ್ನೊಬ್ಬರ ಬಾಯಿಂದ ಕೇಳುವ ಆನಂದವೇ ಬೇರೆ. ಕೇಳುತ್ತ ಕೇಳುತ್ತ ನಾನು ಬೆನ್ನು ನೆಟ್ಟಗೆ ಮಾಡಿಕೊಂಡು ಕುಳಿತಿದ್ದೆ.

ಬರೆದುಕೊಂಡು ಬಂದು ನೋಡಿದಾಗ ತೊಡಕು ತಿಳಿಯಿತು. ಹೆಳವರ ಲೆಕ್ಕ ತಲೆಮಾರಿನದು, ಸರಕಾರದ ಲೆಕ್ಕ ಇಸವಿಯದು. ಎರಡನ್ನೂ ಕೂಡಿಸುವ ಕೊಂಡಿ ಎಲ್ಲಿ? ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ನಮ್ಮ ರೂಢಿಯಿಂದ ಎರಡೇ ಹೆಸರುಗಳು ಸರದಿಯ ಮೇಲೆ ಬರುತ್ತವೆ. ಯಾರು ಯಾವ ಕಾಲದವರೆಂದು ತಿಳಿಯುವುದು ಕಷ್ಟ. ಇನ್ನೊಂದು ಮಾತು: ಆ ಏಳೂ ಹೆಸರುಗಳು ಗಂಡಸರವು.

ಕೊಂಡಿಯನ್ನು ಹುಡುಕುತ್ತ ಕಚೇರಿಯ ಕಾಗದಗಳಿಗೆ ಬಂದೆ. ತಡಸ ಈಗ ಹಾವೇರಿ ಜಿಲ್ಲೆಯ ಶಿಗ್ಗಾಂವಿ ತಾಲೂಕಿನ ಊರು. 1997ರ ವರೆಗೆ ಧಾರವಾಡ ಜಿಲ್ಲೆಯಲ್ಲಿತ್ತು. ಹದಿನೆಂಟನೆಯ ಶತಮಾನದಲ್ಲಿ ಸವಣೂರ ನವಾಬರು, ಪೇಶವೆಯವರು, ಹೈದರ್ ಮತ್ತು ಟೀಪು ಇವರೆಲ್ಲ ಕಚ್ಚಾಡಿದ ಸೀಮೆ ಇದು. 1818ರ ಹೊತ್ತಿಗೆ ಕುಂಪಣಿಯ ಕೈಸೇರಿತು. ಹಳೆಯ ದಫ್ತರದ ಕಾಗದಗಳು ಬಹುಮಟ್ಟಿಗೆ ಮೋಡಿ ಅಕ್ಷರದ ಮರಾಠಿಯವು. ಓದಬಲ್ಲವರು ಇಂದು ವಿರಳ. ಇನಾಮು ಉಂಬಳಿ ಇದ್ದವರ ಹಕ್ಕನ್ನು 1852ರ ಕಾಯಿದೆಯಂತೆ ಇನಾಮ್ ಕಮಿಷನ್ನು ಕೆದಕಿ ವಿಚಾರಿಸಿತು. ಅಂಥವರಿಗೆ ಕಾಗದ ಉಂಟು. ಕಂದಾಯ ಕೊಟ್ಟವರಿಗೆ ಖಾತೆ ಉಂಟು. ಕೂಲಿ ಮಾಡಿ ಬದುಕಿದವರಿಗೆ ಎರಡೂ ಇಲ್ಲ. ನಮ್ಮವರು ನಡುವಿನವರು, ಒಂದು ಹೊಲದ ಒಡೆಯರು.

1903ರಲ್ಲಿ ಮುಂಬಯಿ ಸರಕಾರ ಹಕ್ಕುಪತ್ರಕದ ಕಾಯಿದೆ ಮಾಡಿದ ಮೇಲೆ ಹೊಲ ಕೈಬದಲಾದಾಗಲೆಲ್ಲ ಅದರ ನೋಂದು ಆಗತೊಡಗಿತು. ಜನರ ಬಾಯಲ್ಲಿ ಅದು ‘ಡೈರಿ’. ಕಚೇರಿಯಲ್ಲಿ ಒಂದು ಪುಸ್ತಕ ಗೆದ್ದಲು ತಿಂದಿತ್ತು, ಇನ್ನೊಂದು ಸಿಗಲೇ ಇಲ್ಲ. ಐದನೆಯ ಸಲ ಹೋದಾಗ ನಮ್ಮ ಹೊಲದ ನೋಂದು ದೊರೆಯಿತು. 1918ರ ಇನ್‌ಫ್ಲುಯೆಂಜಾದ ಮರುವರ್ಷದ್ದು. ಮುತ್ತಜ್ಜ ತೀರಿಕೊಂಡಿದ್ದಾನೆ, ವಾರಸ ಆರು ವರ್ಷದ ಮಗ, ಎಂದರೆ ನನ್ನ ಅಜ್ಜ. ಅವನ ಹೆಸರಿನ ಮುಂದೆ ‘ಅ.ಪಾ.ಕ. ತಾಯಿ’ ಎಂದು ಬರೆದು ಒಬ್ಬ ಹೆಂಗಸಿನ ಹೆಸರಿದೆ. ಅ.ಪಾ.ಕ. ಎಂದರೆ ಅಜ್ಞಾನ ಪಾಲನಕರ್ತೆ. ಕಂದಾಯದ ಭಾಷೆಯಲ್ಲಿ ಅಜ್ಞಾನನೆಂದರೆ ವಯಸ್ಸಿಗೆ ಬಾರದವನು. ನಮ್ಮ ಮನೆಯಲ್ಲಿ ಬದುಕಿರುವ ಯಾರೂ ಆ ಹೆಸರನ್ನು ಕೇಳಿರಲಿಲ್ಲ.

ಹಾಗಾದರೆ 1919ರಲ್ಲಿಯೂ ನಮ್ಮವರು ತಡಸದ ಹೊಲದ ಒಡೆಯರೇ. ಎರಡು ಬರಗಳೂ ಲೆಕ್ಕಕ್ಕೆ ಬಾರದೆ ಹೋದವು. ಮುಂದಿನ ನೋಂದು ಹನ್ನೆರಡು ವರ್ಷಗಳ ಅನಂತರದ್ದು: ವಾರಸನು ಸಜ್ಞಾನನಾದುದರಿಂದ ಪಾಲನಕರ್ತೆಯ ಹೆಸರು ಕಮಿ. ಅದರ ಮುಂದಿನದು ಎರಡು ವರ್ಷಗಳ ಅನಂತರದ್ದು: ಸಜ್ಞಾನನು ಹೊಲವನ್ನು ಮಾರಿದ್ದಾನೆ. ಅವನು ಹುಬ್ಬಳ್ಳಿಗೆ ಬಂದು ರೈಲ್ವೆ ಕಾರ್ಖಾನೆ ಸೇರಿದುದು ನಮಗೆಲ್ಲ ಗೊತ್ತು. ‘ತಡಸದ’ ಎಂಬುದು ನಮಗೆ ಅಂಟಿದುದು ಅಲ್ಲಿಂದ ಈಚೆಗೆ ಇರಬೇಕು.

ಅಜ್ಜ ಸಂಭಾವಿತನೆಂದು ಹೆಸರಾದವನು. ತಾಯಿ ಒಬ್ಬಳೇ ನಿಂತು ಉಳಿಸಿಕೊಟ್ಟ ಹೊಲವನ್ನು ಮಾರಿದೆನೆಂದು ಮಕ್ಕಳ ಮುಂದೆ ಹೇಳುವುದಕ್ಕಿಂತ ಬರದ ಕಥೆ ಹೇಳುವುದು ಅವನಿಗೆ ಸುಲಭವಾಗಿತ್ತೇನೋ. ಅವನನ್ನು ದೂರುವುದಕ್ಕೆ ನನಗೆ ಮನಸ್ಸಿಲ್ಲ. 1929ರ ಅನಂತರ ಜಗತ್ತಿನಲ್ಲೆಲ್ಲ ಬೆಳೆಯ ಬೆಲೆ ಬಿದ್ದುಹೋಗಿ ಕಂದಾಯ ಮಾತ್ರ ಹಾಗೆಯೇ ನಿಂತ ಕಾಲ ಅದು. ಎಷ್ಟೋ ರೈತರು ಹೊಲ ಕಳೆದುಕೊಂಡರು. ಮಳೆ ಕೈಕೊಟ್ಟರೆ ಮಾತ್ರ ಬರವೆಂದೇನೂ ಇಲ್ಲವಲ್ಲ. ಯಾವ ಕಾರಣಕ್ಕೆ ಮಾರಿದನೆಂಬುದನ್ನು ಡೈರಿ ಹೇಳುವುದಿಲ್ಲ, ಬೆಲೆಯನ್ನಷ್ಟೇ ಹೇಳುತ್ತದೆ.

ಮನೆತನದ ಚರಿತ್ರೆಯನ್ನು ಹುಡುಕುವವರು ಕುದುರೆ ಏರಿದ ಪೂರ್ವಜನೊಬ್ಬ ಸಿಕ್ಕಾನೆಂದು ಹೊರಡುತ್ತಾರೆ. ನನಗೆ ಸಿಕ್ಕವಳು ಮೂರಕ್ಷರದ ಹಿಂದೆ ಹನ್ನೆರಡು ವರ್ಷ ನಿಂತ ಒಬ್ಬ ವಿಧವೆ. ಗಂಡ ಸತ್ತುದರಿಂದ ಕಾಗದಕ್ಕೆ ಬಂದಳು, ಮಗ ಬೆಳೆದುದರಿಂದ ಕಾಗದದಿಂದ ಹೋದಳು. ಹೆಳವರು ಮತ್ತೆ ಬಂದಾಗ ಏಳು ಹೆಸರುಗಳ ಜೊತೆಗೆ ಅವಳದನ್ನೂ ಬರೆಸಬೇಕೆಂದಿದ್ದೇನೆ. ಪದ್ಧತಿ ಇಲ್ಲವೆಂದು ಅವರು ಹೇಳಬಹುದು. ಹೇಳಿದರೆ ಕಾಳು ಇನ್ನೊಂದು ಸೇರು ಹೆಚ್ಚಿಗೆ ಅಳೆದು ಕೇಳಿಕೊಳ್ಳುವೆ.